ಕೂಸು ಕೇಳಿ ತಿಂದದ್ದಲ್ಲ

ಮದುವೆಯಾಗಿ ಹೊನ್ನಾಳಿ ಹತ್ತಿರದ ಆ ಹಳ್ಳಿಗೆ ಬಂದ ಮೊದಲ ಬೆಳಿಗ್ಗೆಯೇ ಮಾವನವರಿಗೆ ಕಾಫಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. "ಲೋಟ ಕೊಟ್ಟು ತಿರುಗಿ ಓಡಿಬರಬ್ಯಾಡ, ಅವರು ಗುಳಿಗೆ ನುಂಗಾತನಕ ಅಲ್ಲೇ ನಿಂತಿರು" ಎಂದು ಅತ್ತೆ ಹೇಳಿ ಕಳಿಸಿದ್ದರು. ಮಾವ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಜೇಬಿನಿಂದ ಸುಣ್ಣದ ಡಬ್ಬಿಯಂಥ ಹಿತ್ತಾಳೆ ಡಬ್ಬಿ ತೆಗೆದು, ಅದರೊಳಗಿನ ಕಪ್ಪು ಅಂಟನ್ನು ಉಗುರಲ್ಲಿ ಚಿವುಟಿ, ಬೆರಳ ನಡುವೆ ಉರುಟಿ ಬಾಯಿಗೆ ಹಾಕಿಕೊಂಡು ಕಾಫಿ ಕುಡಿದರು.

"ಏನು ಮಾವ ಅದು?" ಎಂದು ಕೇಳಿಯೇಬಿಟ್ಟೆ. ಹೊಸ ಸೊಸೆ ಮಾವನ ಎದುರು ಬಾಯಿ ಬಿಡಬಾರದು ಅನ್ನುವುದು ನನ್ನ ತವರು ಬಿಳಿಚೋಡಿನಲ್ಲೂ ಇತ್ತು. ನನ್ನ ಬಾಯಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ.

"ಗುಳಿಗೆ" ಎಂದರು ಮಾವ, ನನ್ನ ಕಡೆ ನೋಡದೆ.

ಒಳಗೆ ಬಂದು ಅತ್ತೆಯನ್ನು ಕೇಳಿದೆ. "ಕೆಮ್ಮಿಗೆ" ಎಂದರು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅಕ್ಕ ಮುಸಿಮುಸಿ ನಕ್ಕಳು. ಅಕ್ಕ ಎಂದರೆ ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಚನ್ನಗಿರಿ ಕಡೆಯವಳು. ಅತ್ತೆ ಆಚೆ ಹೋಗುವುದನ್ನೇ ಕಾದಿದ್ದು, "ಅಫೀಮು ಕಣೇ ಹುಡುಗಿ" ಎಂದಳು. "ಈ ಮನ್ಯಾಗೆ ಆ ಹೆಸರು ಎತ್ತಬ್ಯಾಡ. ಗುಳಿಗೆ ಅನ್ನು, ಬಾಳುವೆ ಚೆನ್ನಾಗಿರ್ತದೆ."

ಹಾಗೆ ನನಗೂ ಅಕ್ಕನಿಗೂ ಗೆಳೆತನವಾಯಿತು, ಗುಳಿಗೆಯ ನೆಪದಲ್ಲಿ.

ಎಪ್ಪತ್ತರ ದಶಕದ ನಡುವಿನ ಮಾತು ಇದು. ಮಾವನವರ ಗುಳಿಗೆಗೆ ಊರಿಗೆ ಊರೇ ಮರ್ಯಾದೆ ಕೊಡುತ್ತಿತ್ತು. ನ್ಯಾಯ ಕೇಳಿಕೊಂಡು ಬಂದವರು ಮೊದಲು "ಯಜಮಾನ್ರ ಗುಳಿಗೆ ಆತಾ?" ಎಂದು ಅತ್ತೆಯ ಹತ್ತಿರ ವಿಚಾರಿಸಿಕೊಂಡೇ ಮೆಟ್ಟಿಲು ಹತ್ತುತ್ತಿದ್ದರು. ಗುಳಿಗೆಗೆ ಮುಂಚೆ ಮಾವ ಮುಟ್ಟಿದರೆ ಮುನಿ, ಆಮೇಲೆ ಬೆಲ್ಲದಂಥ ಮನುಷ್ಯ. ದಾವಣಗೆರೆಗೆ ಯಾರೇ ಹೊರಟರೂ ಅಲ್ಲಿಯ ಒಂದು ಗ್ರಂಥಿಗೆ ಅಂಗಡಿಯಿಂದ ಪೊಟ್ಟಣ ತಂದುಕೊಡುತ್ತಿದ್ದರು. ಅದನ್ನು ತರುವುದು ದೇವರ ಪ್ರಸಾದ ತಂದಷ್ಟೇ ಸಲೀಸು. ಹಿಂದೆ ಸರ್ಕಾರದ ಚೀಟಿ ತೋರಿಸಿದರೆ ಸಿಗುತ್ತಿತ್ತಂತೆ, ನಾನು ಬರುವ ಹೊತ್ತಿಗೆ ಚೀಟಿ ಹೋಗಿ ಮುಖದ ಪರಿಚಯ ಉಳಿದಿತ್ತು. ಅತ್ತೆ ಒಡೆದ ಮಡಕೆಗೆ ಬೆಲೆಯಿಲ್ಲ ಅನ್ನುತ್ತಾರಲ್ಲ, ಮಾವ ನುಂಗಿದ ಗುಳಿಗೆಗೂ ಹಾಗೆಯೇ.

ನಮ್ಮ ಜಗಳೂರು ಸೀಮೆಯಲ್ಲಿ ನಾನು ಕಂಡದ್ದು ಕುಡುಕರನ್ನು. ಕುಡುಕ ಚರಂಡಿಗೆ ಬಿದ್ದರೆ ಊರು ನಗುತ್ತಿತ್ತು, ಹೆಂಡತಿ ಅಳುತ್ತಿದ್ದಳು, ಅಲ್ಲಿಗೆ ಮುಗಿಯಿತು. ಒಂದೇ ಪದಾರ್ಥಕ್ಕೆ ಮನೆಯೊಳಗೊಂದು ಹೆಸರು, ಹೊರಗೊಂದು ಹೆಸರು, ತಿನ್ನುವವನ ಮುಖ ನೋಡಿ ಮರ್ಯಾದೆ, ಇದನ್ನೆಲ್ಲ ನಾನು ಕಲಿತದ್ದು ಈ ನೀರಾವರಿ ಸೀಮೆಗೆ ಬಂದಮೇಲೆ.

ಎರಡನೇ ಹೆಸರು ತಿಳಿದದ್ದು ನನ್ನ ಮಗ ಹುಟ್ಟಿದ ವರ್ಷ. ನಾಟಿಯ ಕಾಲ. ಚಾನಲ್ ನೀರು ನಮ್ಮ ಸರದಿಗೆ ಬಂದಾಗಲೇ ಸಸಿ ಕೀಳಬೇಕು, ನೆಡಬೇಕು. ಮನೆಯ ಸೊಸೆಯರೂ ಕೂಲಿಯ ಹೆಂಗಸರೂ ಒಂದೇ ಸಾಲಿನಲ್ಲಿ ಬಗ್ಗಬೇಕು. ಬದುವಿನ ಹೊಂಗೆ ಮರಕ್ಕೆ ಕೂಸುಗಳ ಜೋಲಿಗಳು ತೂಗುಬೀಳುತ್ತಿದ್ದವು. ಅಷ್ಟು ಕೂಸುಗಳಿದ್ದರೂ ಒಂದೂ ಅಳುತ್ತಿರಲಿಲ್ಲ. ಇದೇನು ಇಲ್ಲಿಯ ಮಕ್ಕಳು ಇಷ್ಟು ಸಾಧುವೇ ಅಂದುಕೊಂಡೆ. ಆಮೇಲೆ ನೋಡಿದರೆ, ಅತ್ತೆ, ಮಾವನ ಡಬ್ಬಿಯಿಂದ ಒಂದು ಸಾಸಿವೆಯಷ್ಟು ಕಪ್ಪನ್ನು ತೆಗೆದು ಒಳಲೆಯಲ್ಲಿ ತಾಯಿಯ ಹಾಲಿಗೆ ಕದಡಿ ಒಂದೊಂದು ಕೂಸಿನ ಬಾಯಿಗೂ ಬಿಡುತ್ತಿದ್ದರು.

ನನ್ನ ಮಗನ ಸರದಿ ಬಂದಾಗ ಒಳಲೆಯನ್ನು ಕೈಯಲ್ಲೇ ತಡೆದೆ. "ನನ್ನ ಮಗೀಗೆ ಅಫೀಮಾ ಅತ್ತೆ?"

"ಅಫೀಮು ಅನ್ನಬ್ಯಾಡ. ಸಾಸಿವೆ. ನಿನ್ನ ಗಂಡನೂ ಇದೇ ಮರದ ಕೆಳಗೆ ಸಾಸಿವೆ ತಿಂದೇ ಬೆಳೆದಾನೆ."

"ಅದಕ್ಕೇ ಹೊತ್ತು ಮುಣುಗಿದ ಕೂಡ್ಲೆ ತೂಕಡಿಸ್ತಾರೆ."

ಗದ್ದೆಯ ತುಂಬ ಹೆಂಗಸರು ಕಿಸಕ್ಕನೆ ನಕ್ಕರು. ಅತ್ತೆಗೆ ನಗು ಬಂದರೂ ತೋರಿಸಿಕೊಳ್ಳಲಿಲ್ಲ. "ನಿಮ್ಮ ಸೀಮ್ಯಾಗೆ ಕೆರೆ ಒಣಗ್ತವೆ, ಬಾಯಿ ಮಾತ್ರ ಒಣಗಾಕಿಲ್ಲ ನೋಡು" ಎಂದು ಒಳಲೆ ತೆಗೆದುಕೊಂಡು ಮುಂದಿನ ಜೋಲಿಗೆ ಹೋದರು. ಮಗ ಅತ್ತ. ಸುತ್ತಲಿನ ಕೂಸುಗಳೆಲ್ಲ ನಿದ್ದೆಯಲ್ಲಿದ್ದದ್ದಕ್ಕೆ ಅವನ ಅಳು ಇಡೀ ಬಯಲಿಗೆ ಕೇಳುತ್ತಿತ್ತು. ಆಗ ಅಕ್ಕ ನನ್ನ ಕೈಯ ಸಸಿಯ ಕಟ್ಟನ್ನು ಕಿತ್ತುಕೊಂಡಳು. "ನಿನ್ನ ಸಾಲೂ ನಾನೇ ಹಾಕ್ತೀನಿ. ನೀನು ಹೋಗಿ ಹಾಲು ಕೊಡು." ಆ ನಾಟಿ ಮುಗಿಯುವವರೆಗೂ ಅವಳು ಎರಡು ಸಾಲು ಹಾಕಿದಳು. ನನ್ನ ಮಗನ ಬಾಯಿಗೆ ಸಾಸಿವೆ ಬೀಳಲಿಲ್ಲ.

ಅತ್ತೆಯ ಮೇಲೆ ನನಗೆ ಸಿಟ್ಟಿತ್ತು. ಆದರೆ ನಾಟಿ ಮುಗಿದ ಮೇಲೆ ಅವರು ಮಾಡಿದ್ದನ್ನೂ ನೋಡಿದೆ. ಆ ತಾಯಂದಿರನ್ನೆಲ್ಲ ದಿನಾ ಬೆಳಿಗ್ಗೆ ನಮ್ಮ ಅಂಗಳಕ್ಕೆ ಕರೆಸಿ ಕೂಸುಗಳಿಗೆ ಚಟ ಬಿಡಿಸುತ್ತಿದ್ದರು. ಸಾಸಿವೆಯಿಂದ ರಾಗಿಗೆ, ರಾಗಿಯಿಂದ ಗಸಗಸೆಯ ಕಾಳಿಗೆ, ಆಮೇಲೆ ಬರೀ ಬಜೆ ತೇಯ್ದ ನೀರಿಗೆ. ಅಷ್ಟು ದಿನವೂ ಕೂಸು ಕಂಕುಳು ಬಿಟ್ಟು ಇಳಿಯಬಾರದು, ಬಿಸಿನೀರು ಎರೆಯಬೇಕು, ಎಷ್ಟು ರಚ್ಚೆ ಹಿಡಿದರೂ ಬಯ್ಯಬಾರದು. ಒಬ್ಬ ತಾಯಿ ಸಾಕಾಗಿ ಕೂಸಿನ ಕುಂಡಿಗೆ ಎರಡು ಬಾರಿಸಿದಳು. ಅತ್ತೆ ಅವಳ ಕೈ ಹಿಡಿದುಕೊಂಡು ಸಿಡಿದರು: "ಕೂಸೇನು ಕೇಳಿ ತಿಂದೈತಾ? ಕೊಟ್ಟೋರು ನಾವು. ಅಳು ಕೇಳಾದೂ ನಮ್ಮ ಪಾಲಿಂದೇ."

ಮರುವರ್ಷ ಪಕ್ಕದ ಗದ್ದೆಯಲ್ಲಿ ಬೇರೆ ಯಾರೋ ಕೊಟ್ಟ ಸಾಸಿವೆಗೆ ಒಂದು ಹೆಣ್ಣುಕೂಸು ಮಲಗಿದ್ದು ಏಳಲಿಲ್ಲ. "ಆಯುಸ್ಸು ಅಷ್ಟೇ ಇತ್ತು" ಎಂದರು ಎಲ್ಲರೂ. "ದಿಷ್ಟಿ ಆಗಿತ್ತು" ಎಂದರು. ಅಫೀಮು ಎಂದು ಒಬ್ಬರೂ ಬಾಯಿ ಬಿಡಲಿಲ್ಲ. ನನಗೆ ಮೈ ಉರಿದುಹೋಯಿತು. ಆ ಸಂಜೆ ಅತ್ತೆ ಒಳಲೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು ಅಟ್ಟಕ್ಕೆ ಎಸೆದರು. ಆಮೇಲೆ ನಮ್ಮ ಗದ್ದೆಯಲ್ಲಿ ಕೂಸುಗಳನ್ನು ನೋಡಿಕೊಳ್ಳಲು ಒಬ್ಬ ಮುದುಕಿಯನ್ನು ಕೂರಿಸಿದರು. ಕೂಸುಗಳು ಅಳುತ್ತಿದ್ದವು. ಅಳಲಿ ಬಿಡಿ, ಅಳುವುದು ಜೀವ ಇದ್ದದ್ದಕ್ಕೆ.

ಇನ್ನು ಅಕ್ಕನ ಕಥೆ.

ಅವಳಿಗೆ ಮೂತ್ರಕೋಶದ ಕಡೆ ಹರಳಿನ ನೋವು ಶುರುವಾಯಿತು. ಸೊಂಟದಿಂದ ತೊಡೆಯವರೆಗೆ ಹಿಂಡುವ ನೋವು. ಕಂಡವರಿಗೇ ಗೊತ್ತು ಅದು. ಅಷ್ಟು ಗಟ್ಟಿ ಹೆಣ್ಣು ನೆಲದ ಮೇಲೆ ಉರುಳಾಡುತ್ತಿದ್ದಳು. ನ್ಯಾಮತಿಯಲ್ಲಿ ಒಬ್ಬ ಖಾಸಗಿ ಡಾಕ್ಟರು ಒಂದು ಸೂಜಿ ಹಾಕುತ್ತಿದ್ದರು. ಹಾಕಿ ಕೈ ತೆಗೆಯುವಷ್ಟರಲ್ಲಿ ನೋವು ಮಾಯ. ಹೋಗುವಾಗ ಭಾವ, ಅಂದರೆ ಅವಳ ಗಂಡ, ಬಸ್ಸಿನಲ್ಲಿ ಅವಳನ್ನು ಹಿಡಿದುಕೊಂಡು ಕೂರುತ್ತಿದ್ದರು. ಬರುವಾಗ ಅವಳೇ ಸಂತೆ ಮಾಡಿಕೊಂಡು ಬರುತ್ತಿದ್ದಳು. ಮನೆಯವರಿಗೆಲ್ಲ ಆ ಸೂಜಿಯ ಮೇಲೆ ಭಕ್ತಿ ಬಂತು. ಹರಳು ತೆಗೆಸಲು ದೊಡ್ಡಾಸ್ಪತ್ರೆಗೆ ಸೇರಿಸಬೇಕು, ತಿಂಗಳು ಮಲಗಬೇಕು ಎಂದು ಯಾರೋ ಹೇಳಿದರು. ತಿಂಗಳು ಮಲಗಿದರೆ ಒಲೆ ಯಾರು ನೋಡಬೇಕು, ಗದ್ದೆ ಯಾರು ನೋಡಬೇಕು? ಆದ್ದರಿಂದ ಸೂಜಿ. ನೋವು ಬಂದರೆ ಸೂಜಿ. ನಾಟಿ ಬಂದರೆ, ನೋವು ಬರುವ ಮೊದಲೇ ಒಂದು ಸೂಜಿ. "ಹೋಗಿ ಒಂದು ಹಾಕ್ಸಿಕೊಂಡು ಬಾರವ್ವ, ನಾಳಿಂದ ನಾಟಿ ಐತೆ" ಎಂದು ಅತ್ತೆಯೇ ಅವಳಿಗೆ ಬುತ್ತಿ ಕಟ್ಟಿ ಕಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹರಳು ಒಂದು ದಿನ ತಾನೇ ಇಳಿದು ಹೋಯಿತು. ಸೂಜಿ ಹೋಗಲಿಲ್ಲ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಆ ಡಾಕ್ಟರು ಅಂಗಡಿ ಮುಚ್ಚಿಕೊಂಡು ಶಿವಮೊಗ್ಗಕ್ಕೆ ಹೋದರು. ಅದಾದ ಮರುದಿನವೇ ಅಕ್ಕ ಬೇರೆಯಾದಳು. ಆಕಳಿಕೆಯ ಮೇಲೆ ಆಕಳಿಕೆ, ಮೂಗು ಕಣ್ಣು ಸೋರುವುದು, ಮೈಯೆಲ್ಲ ಮುಳ್ಳು ಏಳುವುದು, ಬಿಸಿಲಲ್ಲಿ ಕಂಬಳಿ ಹೊದ್ದು ನಡುಗುವುದು, ಕೂತಲ್ಲಿ ಕೂರದೆ ಕಾಲು ಒದರುವುದು. ತಿಂದದ್ದು ನಿಲ್ಲುತ್ತಿರಲಿಲ್ಲ. ತನ್ನ ಪುಟ್ಟ ಮಗಳು ಹತ್ತಿರ ಬಂದರೂ "ಮುಟ್ಟಬ್ಯಾಡ" ಎಂದು ಚೀರುತ್ತಿದ್ದಳು.

ಗಾಳಿ ಸೋಕಿದೆ ಎಂದು ಮನೆಯವರು ತೀರ್ಮಾನ ಮಾಡಿದರು. ಬೇವಿನ ಸೊಪ್ಪು ಬೀಸುವ ಪೂಜಾರಿಯನ್ನು ಕರೆಸಿದರು. ನೆರೆಹೊರೆಯ ಹೆಂಗಸರು ಕೈಕಟ್ಟಿ ಅವಳ ಸುತ್ತ ಕೂತರು. ಅವಳ ಮೈಮೇಲೆ ಬಂದದ್ದಕ್ಕೆ ಹೊಸ ಸೀರೆ, ಮೊಸರನ್ನ, ಮಲ್ಲಿಗೆ. ಅವಳು ಏನೇ ಬೈದರೂ ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. "ಪಾಪ, ಅವಳಲ್ಲ ಮಾತಾಡಾದು" ಎನ್ನುತ್ತಿದ್ದರು. ಭಾವ ಅವಳ ಕಾಲೊತ್ತಿದರು. ಆ ಮನೆಯಲ್ಲಿ ಗಂಡಸು ಹೆಂಗಸಿನ ಕಾಲೊತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನನಗೆ ನಂಬಿಕೆ ಬರಲಿಲ್ಲ. ಹಟ ಮಾಡಿ, ಗಂಡನನ್ನು ಕಾಡಿ, ಅಕ್ಕನನ್ನು ಹೊನ್ನಾಳಿಯ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ಅವಳ ತೋಳು ನೋಡಿದರು, ಕಣ್ಣು ನೋಡಿದರು, ಎಷ್ಟು ವರ್ಷದಿಂದ ಸೂಜಿ ಎಂದು ಕೇಳಿದರು. "ಇದು ದೆವ್ವ ಅಲ್ಲಮ್ಮ. ಆ ಇಂಜೆಕ್ಷನ್ ಅಫೀಮಿನ ಜಾತಿದೇ. ಮೈಗೆ ಅಂಟಿಕೊಂಡಿದೆ, ಈಗ ಸಿಗದೆ ಮೈ ಕೇಳ್ತಿದೆ" ಎಂದರು. ಅಷ್ಟೇ. ಒಳ್ಳೆಯ ಮನುಷ್ಯ, ಮೆತ್ತಗೇ ಹೇಳಿದರು. ಕಾಯಿಲೆಗೆ ಹೆಸರು ಸಿಕ್ಕಿತು ಎಂದು ನನಗೆ ಸಮಾಧಾನವೇ ಆಯಿತು. ಎಂಥ ಪೆದ್ದಿ ನಾನು! ಆ ಹೆಸರು ಮನೆಗೆ ಬಂದದ್ದೇ ತಡ, ಎಲ್ಲ ತಿರುಗುಮುರುಗಾಯಿತು.

ಮೈ ಅದೇ, ನಡುಕ ಅದೇ, ಸೋರುವ ಮೂಗು ಅದೇ. ನಿನ್ನೆ ಗಾಳಿ ಎಂದಿದ್ದಾಗ ಮಲ್ಲಿಗೆ, ಇವತ್ತು ಚಟ ಎಂದ ಕೂಡಲೇ ಥೂ. ಅವಳ ತಟ್ಟೆ ಲೋಟ ಬೇರೆ ಇಟ್ಟರು. ಉಗ್ರಾಣದ ಬೀಗದಕೈ ಅವಳ ಸೊಂಟದಿಂದ ಅತ್ತೆಯ ಸೊಂಟಕ್ಕೆ ಹೋಯಿತು. ಮಗಳನ್ನು ಅವಳ ಹತ್ತಿರ ಮಲಗಿಸಲಿಲ್ಲ. ಕಾಲೊತ್ತಿದ ಭಾವ ಅವಳಿದ್ದ ಕೋಣೆಯ ಕಡೆ ಮುಖ ಹಾಕಲಿಲ್ಲ. ಬಾವಿಕಟ್ಟೆಯಲ್ಲಿ ಒಬ್ಬಳು ಕೊಡ ಇಳಿಸುತ್ತ, "ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಅಂತಾರೆ, ನೀನು ಹುಷಾರು" ಎಂದು ನನಗೇ ಬುದ್ಧಿ ಹೇಳಿದಳು. "ನಿಮ್ಮನೆ ದೋಸೆಗೂ ತೂತದಾವೆ, ಹೋಗಿ ಎಣಿಸ್ಕ" ಎಂದೆ. ಅವಳ ಗಂಡ ಜೂಜುಕೋರ.

ಅಕ್ಕ ತಡೆಯಲಾರದೆ ಒಂದು ದಿನ ಯಾರಿಗೂ ಹೇಳದೆ ಶಿವಮೊಗ್ಗದ ಬಸ್ಸು ಹತ್ತಿಬಿಟ್ಟಳು. ಹಳೇ ಡಾಕ್ಟರನ್ನು ಹುಡುಕಿಕೊಂಡು ಹೋಗಿದ್ದಳು. ಸಂಜೆ ವಾಪಸು ಬಂದಾಗ ಮುಖ ತೊಳೆದ ಹಾಗೆ ಇತ್ತು, ನಡುಕ ಇರಲಿಲ್ಲ, ಕಣ್ಣಿನ ಪಾಪೆ ಚುಕ್ಕೆಯಷ್ಟಾಗಿತ್ತು. ಮಗಳ ಜಡೆ ಹಾಕಲು ಕೂತಳು. ಮಗಳನ್ನು ಅವಳ ಮುಂದಿನಿಂದ ಎಳೆದುಕೊಂಡು ಹೋದರು.

ಮನೆಯ ಸೊಸೆ ಒಬ್ಬಳೇ ಊರೂರು ಸೂಜಿ ಹುಡುಕಿಕೊಂಡು ತಿರುಗುತ್ತಾಳೆ! ಮಾವ ಚನ್ನಗಿರಿಗೆ ಹೇಳಿಕಳಿಸಿದರು: ಬಂದು ನಿಮ್ಮ ತಂಗಿಯನ್ನು ಕರೆದುಕೊಂಡು ಹೋಗಿ, ಮಗು ಇಲ್ಲೇ ಇರುತ್ತದೆ. ಹೋದವಳು ವಾಪಸು ಬರುವ ಮಾತು ಅದರಲ್ಲಿ ಇರಲಿಲ್ಲ. ಅಕ್ಕನಿಗೆ ಇದು ತಿಳಿದಾಗ ಅವಳು ನನ್ನ ಕೈ ಹಿಡಿದು ಒಂದೇ ಮಾತು ಹೇಳಿದಳು. "ನನ್ನ ಬೇಕಾದ್ರೆ ಕೊಟ್ಟಿಗ್ಯಾಗೆ ಕಟ್ಟಿಹಾಕ್ರಿ. ಮಗಳ ಕಣ್ಣಿಗೆ ಬೀಳೋ ಹಂಗೆ ಕಟ್ಟಿಹಾಕ್ರಿ." ಅವತ್ತು ನಾನು ಅತ್ತಷ್ಟು ನಮ್ಮಪ್ಪ ಸತ್ತಾಗಲೂ ಅತ್ತಿರಲಿಲ್ಲ.

ಅವಳ ಅಣ್ಣ ಬೆಳಗಿನ ಬಸ್ಸಿಗೆ ಬಂದರು. ಸಂಕೋಚದ ಮನುಷ್ಯ, ಟವೆಲನ್ನು ತೊಡೆಯ ಮೇಲೆ ಮಡಿಸಿ ಬಿಚ್ಚಿ ಮಾಡುತ್ತ ಜಗಲಿಯ ತುದಿಗೆ ಕೂತರು. ಮಾವ ಕಂಬಕ್ಕೆ ಒರಗಿದ್ದರು. ಭಾವ, ನನ್ನ ಗಂಡ, ಊರ ಇಬ್ಬರು ಹಿರಿಯರು. ಅಕ್ಕ ಬಾಗಿಲ ಒಳಗೆ ತನ್ನ ಬಟ್ಟೆಯ ಗಂಟಿನ ಪಕ್ಕ ಮುದುಡಿ ಕೂತಿದ್ದಳು. ಶಿವಮೊಗ್ಗದ ಸೂಜಿಯ ಬಲ ಇಳಿದು ಮತ್ತೆ ನಡುಗುತ್ತಿದ್ದಳು. ಅತ್ತೆ ಬಾಗಿಲಿಗೆ ಆತು ನಿಂತಿದ್ದರು. ನಾನು ಕಾಫಿ ತಂದೆ.

ಮಾವ ಮಾತು ತೆಗೆದರು. "ನೋಡ್ರಿ, ನಿಮ್ಮ ಹುಡುಗಿ ಕೆಲಸಗಾತಿ, ಇಲ್ಲ ಅನ್ನಾಕಿಲ್ಲ. ಆದ್ರೆ ಇದು ಮಾನವಂತರ ಮನೆ." ಲೋಟ ತೆಗೆದುಕೊಂಡರು. ಜೇಬಿನಿಂದ ಡಬ್ಬಿ ತೆಗೆದರು. "ಮನ್ಯಾಗೆ ಹೆಣ್ಮಕ್ಕಳು ಬೆಳೀತಾವೆ." ಉಗುರಿನಿಂದ ಚಿವುಟಿದರು. "ಚಟಕ್ಕೆ ಬಿದ್ದೋರನ್ನ ಮನ್ಯಾಗೆ ಇಟ್ಕಬಾರದು." ಉರುಟಿದರು, ಬಾಯಿಗೆ ಹಾಕಿಕೊಂಡರು, ಕಾಫಿ ಕುಡಿದರು. "ಮನಸ್ಸು ಗಟ್ಟಿ ಇದ್ರೆ ಚಟ ಯಾಕೆ ಹತ್ತತೈತೆ?" ಎಂದು ಡಬ್ಬಿಯ ಮುಚ್ಚಳ ಒತ್ತಿ ಜೇಬಿಗೆ ಹಾಕಿದರು.

ಊರ ಹಿರಿಯರು ತಲೆದೂಗಿದರು. ಅಣ್ಣನೂ ತಲೆತಗ್ಗಿಸಿದರು. ಒಬ್ಬರ ಮುಖದಲ್ಲಾದರೂ ಏನಾದರೂ ಕಾಣುತ್ತದೇನೋ ಎಂದು ನಾನು ಒಬ್ಬೊಬ್ಬರನ್ನೇ ನೋಡಿದೆ. ಉಹುಂ. ಯಾರೂ ನೋಡಿಯೇ ಇರಲಿಲ್ಲ! ಅಷ್ಟು ವರ್ಷ ನೋಡಿ ನೋಡಿ ಅದು ಕಣ್ಣಿಗೆ ಬೀಳುವುದನ್ನೇ ಬಿಟ್ಟಿತ್ತು.

ನನಗೆ ನಗು ಬಂತು. ತಡೆಯಲು ಹೋಗಲಿಲ್ಲ. ಕಾಫಿಯ ತಟ್ಟೆ ಕೈಯಲ್ಲಿ ಹಿಡಿದುಕೊಂಡು, ಗಂಡಸರ ನಡುವೆ ನಿಂತು, ಹೊಟ್ಟೆ ಹಿಡಿದುಕೊಳ್ಳುವ ಹಾಗೆ ನಕ್ಕೆ.

"ಏನವ್ವಾ ಅದು?" ಮಾವ ಗದರಿದರು.

"ಗುಳಿಗೆ ಆತಾ ಮಾವ?" ಎಂದೆ.

ನನ್ನ ಗಂಡ ಕಣ್ಣಲ್ಲೇ ಒಳಗೆ ಹೋಗು ಎಂದರು. ಹೋಗುತ್ತೇನೆಯೇ? "ನೀವು ನುಂಗಿದ್ದು ಗುಳಿಗೆ. ಕೂಸಿಗೆ ಹಾಕಿದ್ದು ಸಾಸಿವೆ. ಅಕ್ಕಂದು ಮಾತ್ರ ಚಟ. ಹೊನ್ನಾಳಿ ಡಾಕ್ಟ್ರು ಮೂರಕ್ಕೂ ಒಂದೇ ಹೆಸರು ಹೇಳ್ಯಾರೆ. ಬೇಕಾದ್ರೆ ನಾಳೆ ಒಂದು ದಿನ ಡಬ್ಬಿ ನನ್ನ ಕೈಯಾಗೆ ಕೊಡ್ರಿ ಮಾವ. ಮನಸ್ಸು ಗಟ್ಟಿ ಇಟ್ಕಂಡು ಕೂತ್ಕಳ್ರಿ. ಸಂಜಿಗೆ ನಿಮ್ಮ ಮೂಗು ಸೋರದಿದ್ರೆ, ಅಕ್ಕನ ಗಂಟು ನಾನೇ ಹೊತ್ತು ಬಸ್ಸಿಗೆ ಹಾಕ್ತೀನಿ."

"ನಾಲಿಗೆ ಕತ್ತರಿಸ್ತೀನಿ!" ಮಾವ ಎದ್ದೇಬಿಟ್ಟರು. "ಇದು ಔಷಧಿ. ನಮ್ಮ ಕಾಲದಿಂದ ಬಂದದ್ದು. ಇದೂ ಅದೂ ಒಂದಾ?"

ನಾನು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ ಬಾಗಿಲು ಬಿಟ್ಟು ಆಚೆ ಬಂದರು. ಗಂಡಸರು ಕೂತ ಜಗಲಿಗೆ ಅವರು ಕಾಲಿಟ್ಟದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನನಗೆ ಕಪಾಳಕ್ಕೆ ಬೀಳುತ್ತದೆ ಎಂದುಕೊಂಡೆ. ಅವರು ನನ್ನ ಕಡೆ ನೋಡಲೇ ಇಲ್ಲ. ಅಕ್ಕನ ಅಣ್ಣನ ಮುಂದೆ ನಿಂತರು.

"ನೀವು ಊಟ ಮಾಡ್ಕಂಡು ಹೊರಡ್ರಿ ಅಪ್ಪಾ. ನಿಮ್ಮ ತಂಗಿ ಬರಾಕಿಲ್ಲ."

"ಏಯ್" ಎಂದರು ಮಾವ.

"ನಾಳಿಂದ ನಾಟಿ ಐತೆ, ಒಂದು ಸೂಜಿ ಹಾಕ್ಸಿಕೊಂಡು ಬಾ ಅಂದೋಳು ನಾನು. ಬುತ್ತಿ ಕಟ್ಟಿದೋಳು ನಾನು. ಅವಳೇನು ಕೇಳಿ ತಿಂದಳಾ?" ಅತ್ತೆಯ ಧ್ವನಿ ಏರಲಿಲ್ಲ. "ಊರ ಕೂಸಿಗೆಲ್ಲ ಬಿಡಿಸೀನಿ. ನನ್ನ ಸೊಸಿಗೆ ಬಿಡಿಸಾಕೆ ಆಗಾಕಿಲ್ಲೇನು?" ಆಮೇಲೆ ಮಾವನ ಕಡೆ ತಿರುಗಿ ಅಂಗೈ ಚಾಚಿದರು. "ಡಬ್ಬಿ ಕೊಡ್ರಿ."

ಮಾವ ಕೊಡಲಿಲ್ಲ. ಅತ್ತೆ ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ಊರ ಹಿರಿಯರಿಗೆ ಏನೋ ಕೆಲಸ ನೆನಪಾಗಿ ಎದ್ದು ಹೋದರು. ಕೊನೆಗೆ ಭಾವ ಎದ್ದು ಬಂದು, "ಕೊಡು ಅಪ್ಪಾ" ಎಂದರು. ಡಬ್ಬಿ ಅತ್ತೆಯ ಕೈಗೆ ಬಂತು. ಅವತ್ತಿನಿಂದ ಅದು ಉಗ್ರಾಣದ ಬೀಗದಕೈ ಜೊತೆ ಅವರ ಸೊಂಟದಲ್ಲೇ ಇತ್ತು. ಮಾವನಿಗೆ ದಿನಾ ಬೆಳಿಗ್ಗೆ ಒಂದು ಗುಳಿಗೆಯಷ್ಟನ್ನು ಅವರೇ ಅಳೆದು ಕೊಡುತ್ತಿದ್ದರು.

ಅದೇ ಡಬ್ಬಿಯಿಂದ ಅಕ್ಕನಿಗೂ. ಮೊದಲು ಕಡಲೆಯಷ್ಟು, ಆಮೇಲೆ ಸಾಸಿವೆ, ಆಮೇಲೆ ರಾಗಿ. ಹೊನ್ನಾಳಿಯ ಡಾಕ್ಟರಿಗೆ ಈ ಸಂಗತಿ ಹೇಳಿದಾಗ ಅವರು ಹಣೆ ಹಣೆ ಚಚ್ಚಿಕೊಂಡರು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ, ಜೀವಕ್ಕೇ ಅಪಾಯ ಎಂದು ಬೈದರು. ಬೈದು, ವಾರವಾರ ಕರೆದುಕೊಂಡು ಬಂದು ತೋರಿಸಲೇಬೇಕು ಎಂದು ತಾಕೀತು ಮಾಡಿದರು, ಮಾತ್ರೆ ಕೊಟ್ಟರು. ಅವರು ಬೈದದ್ದು ಸರಿ. ಇವತ್ತು ಯಾರಾದರೂ ಕೇಳಿದರೆ ನಾನೂ ಆಸ್ಪತ್ರೆಯ ದಾರಿಯನ್ನೇ ತೋರಿಸುತ್ತೇನೆ. ಆದರೆ ಅತ್ತೆ ಮಾಡಿದ ಉಳಿದದ್ದಕ್ಕೆ ಯಾವ ಆಸ್ಪತ್ರೆಯಲ್ಲೂ ಮದ್ದಿಲ್ಲ. ಮೂವತ್ತು ದಾಟಿದ ಸೊಸೆಯನ್ನು ಬಚ್ಚಲಲ್ಲಿ ಕೂರಿಸಿ ತಾವೇ ಬಿಸಿನೀರು ಎರೆದರು. ಹಗಲೆಲ್ಲ ಅವಳನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಅಕ್ಕಿ ಆರಿಸಿದರು. ಅವಳು ಮೊರವನ್ನು ಒದ್ದಳು, ಅತ್ತೆಯನ್ನು ಬಾಯಿಗೆ ಬಂದದ್ದು ಬೈದಳು. ಅತ್ತೆ ಚೆಲ್ಲಿದ ಅಕ್ಕಿ ಬಳಿದುಕೊಂಡು ಮತ್ತೆ ಆರಿಸಿದರು. ಮಗಳನ್ನು ಅವಳ ಮಗ್ಗುಲಿಗೇ ಮಲಗಿಸಿದರು. ಒಂದು ಸಲ ಭಾವ ಸಿಟ್ಟಿಗೆದ್ದು ಅಕ್ಕನ ಮೇಲೆ ಕೈಯೆತ್ತಿದಾಗ, ಅತ್ತೆ ಒನಕೆ ಹಿಡಿದುಕೊಂಡೇ ಎದ್ದಿದ್ದರು. ನಾನು ಅವಳ ಪಾಲಿನ ರೊಟ್ಟಿ ಬಡಿದೆ, ಅವಳ ಸಾಲಿನ ಸಸಿ ನೆಟ್ಟೆ. ಅವಳು ನನಗೆ ಹಾಕಿದ್ದ ಸಾಲು ಅದು.

ಸಲೀಸಾಗಿ ಆಯಿತು ಎಂದು ಹೇಳುವುದಿಲ್ಲ. ಮುಂದೊಂದು ಸಲ ತವರಿನಲ್ಲಿ ಹಲ್ಲುನೋವಿನ ನೆಪದಲ್ಲಿ ಮತ್ತೆ ಸೂಜಿಗೆ ಬಿದ್ದು ಬಂದಳು. ಬಂದವಳೇ ತಾನೇ ಅತ್ತೆಯ ಮುಂದೆ ಕೂತು ಹೇಳಿದಳು. ಮತ್ತೆ ಬಿಸಿನೀರು, ಮತ್ತೆ ಅಕ್ಕಿ. ಆಮೇಲೆ ಬೀಳಲಿಲ್ಲ. ಉಗ್ರಾಣದ ಬೀಗದಕೈ ಅವಳ ಸೊಂಟಕ್ಕೆ ವಾಪಸು ಬಂತು.

ಮಾವ ಮಾತ್ರ ಅವಳ ಜೊತೆ ಮಾತು ಬಿಟ್ಟರು. ಬೇಕಾದದ್ದನ್ನು ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದರು. ನನ್ನ ಜೊತೆ ಬಿಡಲಿಲ್ಲ, ಜಗಳಕ್ಕೆ ಜನ ಬೇಕಲ್ಲ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅತ್ತೆ ತೀರಿಕೊಂಡಿದ್ದರು, ಡಬ್ಬಿಯೂ ಅಕ್ಕನ ಸೊಂಟಕ್ಕೆ ಬಂದಿತ್ತು. ತನ್ನನ್ನು ಹೆಚ್ಚೂಕಡಿಮೆ ಕೊಂದಿದ್ದ ಪದಾರ್ಥವನ್ನು ಅವಳೇ ದಿನಾ ಬೆಳಿಗ್ಗೆ ಅಳೆದು ಮಾವನಿಗೆ ಇಡುತ್ತಿದ್ದಳು. ಅವಳ ಬೆರಳು ನಡುಗಿದ್ದನ್ನು ನಾನು ಕಂಡಿಲ್ಲ. ಅಷ್ಟರಲ್ಲಿ ಕಾನೂನು ಬಿಗಿಯಾಗಿ ದಾವಣಗೆರೆಯ ಅಂಗಡಿಯವನು ಕೈಯೆತ್ತಿದ. ಡಬ್ಬಿ ಖಾಲಿಯಾಯಿತು.

ಮಾವನಿಗೆ ಆಕಳಿಕೆ ಶುರುವಾಯಿತು. ಮೂಗು ಸೋರಿತು. ಬಿಸಿಲಲ್ಲಿ ಕಂಬಳಿ ಹೊದ್ದರು. ಊರಿನವರು ಬಂದು ನೋಡಿ, "ಪಾಪ, ವಯಸ್ಸಾತು" ಎಂದು ಹೋದರು. ಚಟ ಎಂದು ಒಬ್ಬರೂ ಅನ್ನಲಿಲ್ಲ. ಹೊನ್ನಾಳಿಯ ಡಾಕ್ಟರನ್ನು ಮನೆಗೇ ಕರೆಸಿದೆವು. ಈ ವಯಸ್ಸಿಗೆ ಹುಷಾರು, ಮಾತ್ರೆ ತಪ್ಪಿಸಬೇಡಿ, ಪಕ್ಕದಲ್ಲಿ ಯಾರಾದರೂ ಇರಲೇಬೇಕು ಎಂದರು. ಅಕ್ಕ ಜಗಲಿಯಲ್ಲೇ ಅವರ ಪಕ್ಕ ಕೂತುಬಿಟ್ಟಳು.

ಮಾವ ಮಾತ್ರೆ ಉಗುಳಿದರು, ಗಂಜಿಯ ಬಟ್ಟಲು ತಳ್ಳಿದರು, ಎಲ್ಲರಿಗೂ ಹಿಡಿಶಾಪ ಹಾಕಿದರು. ಭಾವ ತಾಳ್ಮೆಗೆಟ್ಟು, "ಈ ವಯಸ್ಸಿನಾಗೆ ಮಾನ ಮರ್ಯಾದೆ ಬ್ಯಾಡವಾ ನಿನಗೆ?" ಎಂದು ಕೂಗಿದರು.

"ಬಯ್ಯಬ್ಯಾಡ್ರಿ" ಎಂದಳು ಅಕ್ಕ. "ಅವರೇನು ಕೇಳಿ ತಿಂದಾರಾ?"

ಮಾವ ಅವಳ ಕಡೆ ತಿರುಗಿದರು. ಗೋಡೆಗಲ್ಲ, ಅವಳಿಗೇ ಹೇಳಿದರು. "ಕೇಳಿರಲಿಲ್ಲ ಕಣವ್ವ. ನಮ್ಮವ್ವ ಗದ್ದಿ ಬದುವಿನ ಮ್ಯಾಲೆ ಕೊಟ್ಟಿದ್ದಳಂತೆ. ಬಿಡಿಸಾಕೆ ಮೊದ್ಲೇ ಸತ್ತುಹೋದಳು. ಅಳ್ತೀನಿ ಅಂತ ಸೋದರತ್ತೆ ಕೊಡ್ತಾನೇ ಇದ್ದಳು. ಬಿಡಿಸೋರು ಯಾರೂ ಇರಲಿಲ್ಲ." ಎಪ್ಪತ್ತು ದಾಟಿದ ಮುಖದ ಮೇಲೆ ನೀರು ಸುರಿಯುತ್ತಿತ್ತು. ಅದು ಕಾಯಿಲೆಯ ನೀರೋ ಅಳುವೋ ನನಗೆ ತಿಳಿಯಲಿಲ್ಲ. ಅಕ್ಕ ಸೆರಗಿನಿಂದ ಅವರ ಮೂಗು ಒರೆಸಿದಳು.

"ನಿನ್ನ ಚನ್ನಗಿರಿಗೆ ಕಳಿಸ್ರಿ ಅಂದೋನು ನಾನು" ಎಂದರು ಮಾವ.

"ಗೊತ್ತೈತೆ ಮಾವ" ಎಂದಳು ಅಕ್ಕ, ಚಮಚದಲ್ಲಿ ಗಂಜಿ ತುಂಬಿಕೊಳ್ಳುತ್ತ. "ಬಾಯಿ ತೆಗೀರಿ."